ಕ್ಯುಪ್ರಸ್ ಆಕ್ಸೈಡ್ ಪದರ ದಿನಕ್ಕೊಂದು ಥರ ಬರ್ತದೆ, ಗೊತ್ತಿದ್ದವರು ಹೇಳಿ

ಪ್ರಶ್ನೆ, ಕೊಣಾಜೆಯಿಂದ: ಎಂಎಸ್ಸಿ ಪ್ರಾಜೆಕ್ಟಿಗೆ ಎಫ್‌ಟಿಒ ಗಾಜಿನ (ಕರೆಂಟ್ ಹರಿಯುವ ಲೇಪನದ ಗಾಜು) ಮೇಲೆ ಲ್ಯಾಕ್ಟೇಟ್ (ಲ್ಯಾಕ್ಟಿಕ್ ಆಮ್ಲದ ಲವಣ) ದ್ರಾವಣದಿಂದ ಕರೆಂಟ್ ಕೊಟ್ಟು ಕ್ಯುಪ್ರಸ್ ಆಕ್ಸೈಡ್ (ತಾಮ್ರದ ಒಂದು ಆಕ್ಸೈಡ್) ಬೆಳೆಸ್ತಾ ಇದ್ದೇನೆ. 60 ಡಿಗ್ರಿ, ಪಿಎಚ್ 12, ಸಿಲ್ವರ್ ಕ್ಲೋರೈಡ್ ರೆಫರೆನ್ಸ್ (ವೋಲ್ಟೇಜ್ ಹೋಲಿಸಿ ಅಳೆಯುವ ಎಲೆಕ್ಟ್ರೋಡ್) ಎದುರು ಮೈನಸ್ 0.4 ವೋಲ್ಟ್. ದ್ರಾವಣ ಅದೇ, ಆದರೂ ಮರುದಿನದ ಪದರ ಬೇರೆ ಥರ. ಅಂಚಿನಲ್ಲಿ ಎದ್ದೂ ಬರ್ತದೆ. ಯಾವುದನ್ನು ಮೊದಲು ನೋಡಬೇಕು?

ಸುರತ್ಕಲ್‌ನಿಂದ: ಪಿಎಚ್ ನೋಡಿ, ಉಳಿದದ್ದೆಲ್ಲ ಆಮೇಲೆ. ಬಾಟಲಿಯ ಲ್ಯಾಕ್ಟಿಕ್ ಆಮ್ಲದಲ್ಲಿ ಒಂದು ಪಾಲು ಅಣುಗಳು ಎಸ್ಟರ್ ಆಗಿ ಜೋಡಿಕೊಂಡೇ ಇರ್ತವೆ. ಕ್ಷಾರ ಬಿದ್ದ ಮೇಲೆ ಅವು ನಿಧಾನಕ್ಕೆ ಒಡೆದು ಆಮ್ಲ ಬಿಡ್ತವೆ, ಪಿಎಚ್ ಇಳೀತದೆ. 250 ಎಂಎಲ್‌ಗೆ 25 ಗ್ರಾಂ ನೀಲಿ ಕಾಪರ್ ಸಲ್ಫೇಟ್ (ಪೆಂಟಾಹೈಡ್ರೇಟ್), 85–88 ಶೇಕಡಾದ ಲ್ಯಾಕ್ಟಿಕ್ ಆಮ್ಲ 65 ಎಂಎಲ್. ಅಂದರೆ ತಾಮ್ರ 0.4 ಮೋಲಾರ್, ಲ್ಯಾಕ್ಟೇಟ್ 3 ಮೋಲಾರ್. ಸೋಡಿಯಂ ಹೈಡ್ರಾಕ್ಸೈಡಿನ ಗಾಢ ದ್ರಾವಣವನ್ನು ಬೀಕರ್ ಐಸಿನಲ್ಲಿಟ್ಟು ಸ್ವಲ್ಪ ಸ್ವಲ್ಪವೇ ಹಾಕಿ, ಸಿಕ್ಕಾಪಟ್ಟೆ ಬಿಸಿಯಾಗ್ತದೆ, ಕನ್ನಡಕ ಬೇಕೇ ಬೇಕು. ನಮ್ಮ ಕರಾವಳಿ ಮಳೆಗಾಲದಲ್ಲಿ ಅದರ ಗುಳಿಗೆ ತೂಗುವಾಗಲೇ ನೀರು ಎಳೆದುಕೊಳ್ತದೆ, ಹಾಗಾಗಿ ತೂಕ ನಂಬ್ಲಿಕ್ಕಿಲ್ಲ, ಮೀಟರ್ ನೋಡಿಯೇ ಹಾಕಿ. ಒಂದು ರಾತ್ರಿ ಬಿಟ್ಟು, ಇಳಿದ ಪಿಎಚ್ ಮತ್ತೆ ಸರಿಮಾಡಿದ ಮೇಲೆಯೇ ಪದರ ಬೆಳೆಸಿ. ಇಷ್ಟು ಸೋಡಿಯಂ ಇದ್ದಲ್ಲಿ ಪಿಎಚ್ ಮೀಟರಿನ ಗಾಜಿನ ಎಲೆಕ್ಟ್ರೋಡ್ ನಿಜಕ್ಕಿಂತ ಕಡಿಮೆ ಪಿಎಚ್ ತೋರಿಸ್ತದೆ. ಯಾವಾಗಲೂ ಅದೇ ಎಲೆಕ್ಟ್ರೋಡ್, ಅದೇ ಉಷ್ಣತೆಯಲ್ಲಿ ಅಳೆದರೆ ಹೋಲಿಸ್ಲಿಕ್ಕಾದರೂ ಆಗ್ತದೆ.

ಮಣಿಪಾಲದಿಂದ: ಅಂಚಿನಲ್ಲಿ ಕರೆಂಟ್ ಹೆಚ್ಚು, ಪದರ ದಪ್ಪ, ಅದಕ್ಕೇ ಏಳುವುದು. 1 ಚದರ ಸೆಂಮೀ ಕಿಟಕಿ ಬಿಟ್ಟು ಉಳಿದದ್ದಕ್ಕೆ ಕ್ಯಾಪ್ಟಾನ್ ಟೇಪ್ (ಬಿಸಿ ತಡೆಯುವ ಪ್ಲಾಸ್ಟಿಕ್ ಟೇಪ್) ಹಚ್ಚಿ. ಕ್ಲಿಪ್ ದ್ರಾವಣಕ್ಕೆ ತಾಗಬಾರದು. ಗಾಜನ್ನು ಸೋಪು, ಅಸಿಟೋನ್, ಐಸೋಪ್ರೊಪೈಲ್ ಆಲ್ಕೋಹಾಲ್, ಡಿಐ (ಅಯಾನು ತೆಗೆದ) ನೀರು, ಹೀಗೆ ಸೋನಿಕೇಟರಿನಲ್ಲಿ (ಶಬ್ದದ ಅಲೆಯಿಂದ ತೊಳೆಯುವ ಯಂತ್ರ) ತೊಳೆಯಿರಿ. ನೀರು ಹನಿ ಕಟ್ಟದೆ ಹರಡಿದರೆ ಜಿಡ್ಡು ಹೋಗಿದೆ. ಮತ್ತೆ, ಗಡಿಯಾರ ನೋಡಿ ನಿಲ್ಲಿಸ್ಬೇಡಿ, ಚಾರ್ಜ್ ಎಣಿಸಿ: 1 ಮೈಕ್ರಾನ್ ದಪ್ಪಕ್ಕೆ ಚದರ ಸೆಂಮೀಗೆ ಸುಮಾರು 0.81 ಕೂಲಂಬ್.

ಉಡುಪಿಯಿಂದ: ಎಕ್ಸ್‌ಆರ್‌ಡಿ (ಎಕ್ಸ್-ರೇಯಿಂದ ಹರಳಿನ ರಚನೆ ನೋಡುವ ಪರೀಕ್ಷೆ) ಬಗ್ಗೆ ಒಂದು ಮಾತು. ಪಿಎಚ್ 12ರಲ್ಲಿ 111 ಮುಖ (ಹರಳಿನ ಒಂದು ದಿಕ್ಕು) ಬರ್ತದೆ, ಅದರ ಶಿಖರ 36.4 ಡಿಗ್ರಿಗೆ (2θ ಕೋನ). 9ರ ಹತ್ತಿರ ಇಳಿದರೆ 42.3ರಲ್ಲಿ 200 ಶಿಖರ ಎದ್ದು ಕಾಣ್ತದೆ. ಅದನ್ನು ತಾಮ್ರ ಅಂದುಕೊಳ್ಳಬೇಡಿ, ಲೋಹದ ತಾಮ್ರದ್ದು 43.3. ಅದು ನಿಜವಾಗಿ ಕಂಡರೆ ವೋಲ್ಟೇಜ್ ತೀರಾ ಋಣ ಆಗಿದೆ ಅಂತ ಲೆಕ್ಕ. ದ್ರಾವಣಕ್ಕೆ ಬಾವಿ ನೀರಂತೂ ಬೇಡ, ಅದರ ಕ್ಲೋರೈಡ್ ಪದರದೊಳಗೆ ಸೇರ್ತದೆ.

ಕೊಣಾಜೆಯಿಂದ: ತುಂಬಾ ಉಪಕಾರ. ಮೊದಲು ಝಿಂಕ್ ಆಕ್ಸೈಡ್ ಹಾಕಿ, ಅದರ ಮೇಲೆ ಇದನ್ನು ಬೆಳೆಸಬಹುದಾ?

ಸುರತ್ಕಲ್‌ನಿಂದ: ಪಿಎಚ್ 12ರಲ್ಲಿ ಝಿಂಕ್ ಆಕ್ಸೈಡ್ ಕರಗ್ಲಿಕ್ಕೆ ಶುರುವಾಗ್ತದೆ. ವೋಲ್ಟೇಜ್ ಕೊಟ್ಟುಕೊಂಡೇ ಗಾಜು ಇಳಿಸಿ, ಸುಮ್ಮನೆ ಮುಳುಗಿಸಿ ಇಡಬೇಡಿ.