ವಾಲೇಸ್ 1,25,660 ಮಾದರಿಗಳನ್ನು ಕೆಡದಂತೆ ಇಟ್ಟುಕೊಂಡದ್ದು ಹೇಗೆ?

ಗರಿಗೆದರಿ:

ಬ್ರಿಟಿಷ್ ನಿಸರ್ಗವಿಜ್ಞಾನಿ ಆಲ್ಫ್ರೆಡ್ ರಸೆಲ್ ವಾಲೇಸ್ 1854ರಿಂದ 1862ರವರೆಗೆ ಮಲಯ ದ್ವೀಪಸ್ತೋಮದಲ್ಲಿ (ಇಂದಿನ ಇಂಡೋನೇಷ್ಯಾ, ಮಲೇಷ್ಯಾದ ಕಡೆ) ಸುತ್ತಾಡಿ ಕೀಟ, ಹಕ್ಕಿ, ಪ್ರಾಣಿಗಳ 1,25,660 ಮಾದರಿ ಕಲೆಹಾಕಿದ ಅಂತ ಎಲ್ಲ ಕಡೆ ಬರೆದಿರುತ್ತಾರೆ. ಲೆಕ್ಕ ಹಾಕಿದರೆ ದಿನಕ್ಕೆ 40ಕ್ಕೂ ಮೇಲೆ. ಉಟ್ಟ ಬಟ್ಟೆಗೂ ಬೂಷ್ಟು ಹಿಡಿಯುವ ಹವೆಯಲ್ಲಿ ಇಷ್ಟನ್ನು ಕೆಡದಂತೆ ಇಟ್ಟದ್ದು ಹೇಗೆ? ಇನ್ನೊಂದು ಅನುಮಾನ: ಈ ಸಂಗ್ರಹವೆಲ್ಲ ಬರೀ ಹೊಟ್ಟೆಪಾಡೋ, ಇಲ್ಲಾ ನೈಸರ್ಗಿಕ ಆಯ್ಕೆಯ ವಿಚಾರಕ್ಕೆ ದಾರಿ ಮಾಡಿದ್ದೂ ಇದೇನಾ? ಜ್ವರ ಬಂದು ಮಲಗಿದ್ದಾಗ ಥಟ್ಟನೆ ಹೊಳೆಯಿತು ಅನ್ನುವ ಕಥೆ ಯಾಕೋ ತೀರಾ ಸಲೀಸು ಅನಿಸುತ್ತದೆ.

ಕೀಟಪೆಟ್ಟಿಗೆ:

ಮೊದಲು ಆ ಸಂಖ್ಯೆಯನ್ನು ಬಿಡಿಸಿ ನೋಡಿ. ಜೀರುಂಡೆ 83,200. ಚಿಟ್ಟೆ, ಪತಂಗ 13,100. ಬೇರೆ ಕೀಟ 13,400. ಹಕ್ಕಿ 8,050, ಚಿಪ್ಪು 7,500, ಸಸ್ತನಿ 310, ಸರೀಸೃಪ 100. ಅಂದರೆ ಮೂರರಲ್ಲಿ ಎರಡು ಪಾಲು ಜೀರುಂಡೆಯೇ. ಅದರ ಮೈ ಹೊರಗಿನಿಂದಲೇ ಗಟ್ಟಿ, ಒಣಗಿದರೂ ಆಕಾರ ಕೆಡುವುದಿಲ್ಲ, ಸಾವಿರ ಜೀರುಂಡೆಗೆ ಒಂದು ಪೆಟ್ಟಿಗೆ ಸಾಕು. ಹಾಗಾಗಿ ದೊಡ್ಡ ಸಂಖ್ಯೆ ನೋಡಿ ಗಾಬರಿ ಬೇಡ. ನಿಜವಾದ ಒದ್ದಾಟ ಇದ್ದದ್ದು ಆ 8,050 ಹಕ್ಕಿಗಳದ್ದು.

ಹಕ್ಕಿಯನ್ನು ಹೊಡೆದ ದಿನವೇ ಸುಲಿಯಬೇಕು. ಆ ಸೆಕೆಯಲ್ಲಿ ಒಂದು ರಾತ್ರಿ ಬಿಟ್ಟರೂ ಹೊಟ್ಟೆಯ ಚರ್ಮ ಹಸಿರುಗಟ್ಟಿ, ಮುಟ್ಟಿದಲ್ಲಿ ಗರಿ ಕಿತ್ತು ಬರುತ್ತದೆ. ಹೊಟ್ಟೆಯ ನಡುವೆ ಸಣ್ಣಗೆ ಸೀಳಿ, ಚರ್ಮವನ್ನು ಕಾಲುಚೀಲ ಮಗುಚಿದ ಹಾಗೆ ಒಳಹೊರಗು ಮಾಡುತ್ತಾ ತಲೆಯವರೆಗೆ ಎಳೆಯುವುದು. ತಲೆಬುರುಡೆ, ರೆಕ್ಕೆಯ ಮತ್ತು ಕಾಲಿನ ಮೂಳೆ ಉಳಿಸಿಕೊಂಡು ಮಾಂಸ, ಕಣ್ಣು, ಮಿದುಳು ತೆಗೆಯುವುದು. ಒಳಮೈಗೆ ಆರ್ಸೆನಿಕ್ ಎಂಬ ವಿಷ ಬೆರೆತ ಸಾಬೂನು ಬಳಿದು, ಹತ್ತಿ ತುಂಬಿ, ಮತ್ತೆ ಮಗುಚಿ, ಗರಿ ಸವರಿ ನೆರಳಲ್ಲಿ ಒಣಗಿಸುವುದು. ಆತುರದಲ್ಲಿ ಕೊಬ್ಬು ಕೆರೆಯದೆ ಬಿಟ್ಟರೆ ಅದು ಮುಂದೆ ಎಣ್ಣೆಯಾಗಿ ಒಸರಿ ಗರಿಗೆ ಅಂಟುತ್ತದೆ, ಚರ್ಮವೂ ಸುಟ್ಟಂತೆ ಪುಡಿಯಾಗುತ್ತದೆ.

ಆರ್ಸೆನಿಕ್ ಇದ್ದರೆ ಎಲ್ಲ ಸುರಕ್ಷಿತ ಅನ್ನುವುದು ತಪ್ಪು. ಅದು ಒಣ ಚರ್ಮ ತಿನ್ನುವ ಹುಳಕ್ಕೆ ಮದ್ದು. ಹಸಿ ಚರ್ಮದ ಮೇಲೆ ಕೂರುವ ನೊಣಕ್ಕೆ, ಹೊತ್ತೊಯ್ಯುವ ಇರುವೆಗೆ ಅಲ್ಲ. 1858ರಲ್ಲಿ ನ್ಯೂಗಿನಿಯ ಡೋರೆಯಲ್ಲಿ ಒಣಗಲು ಇಟ್ಟ ಹಕ್ಕಿಚರ್ಮದ ಗರಿಯೊಳಗೆ ನೊಣಗಳು ರಾಶಿ ರಾಶಿ ಮೊಟ್ಟೆ ಇಡುತ್ತಿದ್ದವು. ಕಣ್ಣು ತಪ್ಪಿದರೆ ಮರುದಿನ ಹುಳ. ಅಲ್ಲಿನ ಇರುವೆಗಳಂತೂ ಕಾರ್ಡಿಗೆ ಗೋಂದು ಹಚ್ಚಿ ಅಂಟಿಸಿದ ಕೀಟವನ್ನೂ ಅವನ ಕಣ್ಣೆದುರೇ ಕಿತ್ತೊಯ್ಯುತ್ತಿದ್ದವು. ಲೊಂಬೋಕ್‌ನಲ್ಲಿ ಒಂದು ಹಳೆಯ ಬೆಂಚನ್ನು ಕಾಡಿಬೇಡಿ ತಂದು, ಅದರ ನಾಲ್ಕೂ ಕಾಲನ್ನು ನೀರು ತುಂಬಿದ ತೆಂಗಿನ ಚಿಪ್ಪಿನಲ್ಲಿ ನಿಲ್ಲಿಸಿದ್ದ. ಉಪಾಯ ಸರಳ, ಆದರೆ ದಿನಾ ನೀರು ಬದಲಿಸಬೇಕು: ಮೇಲೆ ಧೂಳಿನ ಕೆನೆ ಕಟ್ಟಿದರೆ ಅಥವಾ ಒಂದು ಕಡ್ಡಿ ಬಿದ್ದರೆ ಅದೇ ಇರುವೆಗೆ ಸೇತುವೆ.

ಪತಂಗ ಹಿಡಿದ ರೀತಿಯೂ ಗಮನಿಸುವಂಥದ್ದು. ಬೋರ್ನಿಯೊ ದ್ವೀಪದ ಸರಾವಕ್‌ನ ಬೆಟ್ಟದ ಮನೆಯೊಂದರ ಜಗಲಿಯ ಗೋಡೆಗೆ ಸುಣ್ಣ ಬಳಿದಿತ್ತು, ಮೇಲೆ ಹಲಗೆಯ ಸೂರು. ಅಲ್ಲಿ ದೀಪವಿಟ್ಟು 26 ರಾತ್ರಿಗಳಲ್ಲಿ 1,386 ಪತಂಗ ಹಿಡಿದ. ಅದರಲ್ಲಿ 800ಕ್ಕೂ ಹೆಚ್ಚು ಸಿಕ್ಕಿದ್ದು ಜೋರು ಮಳೆಯ ನಾಲ್ಕು ಕಗ್ಗತ್ತಲ ರಾತ್ರಿಗಳಲ್ಲಿ. ಬೆಳದಿಂಗಳಲ್ಲಿ ದೀಪ ಹಚ್ಚಿ ಕೂತರೆ ಎಣ್ಣೆ ದಂಡ. ಸೂರು ಹುಲ್ಲಿನದ್ದಾದರೂ ಅಷ್ಟೇ, ಬಂದ ಪತಂಗ ಸಂದಿಯಲ್ಲಿ ನುಸುಳಿ ಮಾಯ.

ಜೀರುಂಡೆಗೆ ಅವನ ಭಾಗ್ಯ ತೆರೆದದ್ದು 1855ರ ಮಾರ್ಚ್‌ನಲ್ಲಿ, ಸರಾವಕ್‌ನದೇ ಸಿಮುಂಜೊನ್ ಕಲ್ಲಿದ್ದಲ ಗಣಿಯ ಹತ್ತಿರ. ಅದಕ್ಕೆ ಹಿಂದಿನ ನಾಲ್ಕು ತಿಂಗಳಲ್ಲಿ ಸಿಕ್ಕಿದ್ದು 320 ಬಗೆ. ಇಲ್ಲಿ ಹದಿನೈದು ದಿನದೊಳಗೆ ಅದು ದುಪ್ಪಟ್ಟಾಯಿತು. ಕಾರಣ, ಗಣಿಗಾಗಿ ಕಡಿದು ಕೆಡವಿದ ಮರ. ಹಸಿ ತೊಗಟೆ, ಕೊಳೆಯುವ ದಿಮ್ಮಿ, ಗರಗಸದ ಪುಡಿ, ಅದರ ಮೇಲೆ ಬಿಸಿಲು. ಸುತ್ತಲಿನ ದಟ್ಟ ಕಾಡಿನಲ್ಲಿ ಇದು ಜೀರುಂಡೆಗಳಿಗೆ ಜಾತ್ರೆ. ಕೀಟ ತಂದುಕೊಟ್ಟ ಕೆಲಸದವರಿಗೆ ಒಂದಕ್ಕೆ ಒಂದು ಸೆಂಟ್ ಕೊಡುತ್ತಿದ್ದ.

ಹಳೇನಕ್ಷೆ:

ಮೇಲಿನವರು ಹೇಳಿದ್ದಕ್ಕೆ ಸೇರಿಸಬೇಕಾದ್ದು ಚೀಟಿ, ಅಂದರೆ ಮಾದರಿ ಎಲ್ಲಿ ಸಿಕ್ಕಿತು ಅಂತ ಬರೆದು ಅದರ ಜೊತೆ ಇಡುವ ಕಾಗದ. ನನ್ನ ಲೆಕ್ಕದಲ್ಲಿ ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ಮಲಯಕ್ಕೂ ಮೊದಲು ವಾಲೇಸ್ ಅಮೆಜಾನ್‌ನಲ್ಲಿ ಮಾದರಿ ಕಲೆಹಾಕಿದ್ದ. ಅಲ್ಲಿಂದ ಬಂದ ಮೇಲೆ, 1852ರಲ್ಲಿ, ಅಲ್ಲಿನ ಕೋತಿಗಳ ಬಗ್ಗೆ ಒಂದು ಪ್ರಬಂಧ ಓದಿದ. ನದಿಯ ಒಂದು ದಡದ ಕೋತಿ ಇನ್ನೊಂದು ದಡದಲ್ಲಿ ಇಲ್ಲ ಅನ್ನುವುದು ಅದರ ಸಾರ. ಜೊತೆಗೆ ಒಂದು ತಕರಾರು: ಸಂಗ್ರಹಾಲಯದ ಮಾದರಿಗಳ ಮೇಲೆ ಬರೀ 'ಬ್ರೆಜಿಲ್' ಅಥವಾ 'ಅಮೆಜಾನ್' ಅಂತ ಬರೆದರೆ ಯಾವ ದಡ ಅಂತ ತಿಳಿಯುವುದು ಹೇಗೆ? ಮಲಯಕ್ಕೆ ಹೋದಾಗ ಚೀಟಿಯಲ್ಲಿ ದ್ವೀಪದ ಹೆಸರು ಬಿಡಲೇ ಇಲ್ಲ. ಒಂದೇ ಬಗೆಯದ್ದು ಹಲವು ಸಿಕ್ಕರೆ ಮಾರಾಟಕ್ಕೆ ಬೇರೆ, ತನ್ನ ಸ್ವಂತ ಸಂಗ್ರಹಕ್ಕೆ ಬೇರೆ. ಹೊಟ್ಟೆಪಾಡು ಹೌದು, ಲಂಡನ್‌ನಲ್ಲಿ ಸ್ಯಾಮ್ಯುಯೆಲ್ ಸ್ಟೀವನ್ಸ್ ಅನ್ನುವ ಏಜೆಂಟ್ ಮಾರಿಕೊಡುತ್ತಿದ್ದ. ಆದರೆ ಮಾರಿ ಮುಗಿಸುವವನಿಗೆ ಸ್ವಂತಕ್ಕೊಂದು ಸಾಲು ಎತ್ತಿಡುವ ಗರಜು ಇರುವುದಿಲ್ಲ.

ಇದರ ಬೆಲೆ ಗೊತ್ತಾಗಬೇಕಾದರೆ ಡಾರ್ವಿನ್‌ನತ್ತ ನೋಡಿ. 1835ರಲ್ಲಿ ಗಲಾಪಗೋಸ್‌ನ ಫಿಂಚ್‌ಗಳನ್ನು ದ್ವೀಪವಾರು ಬೇರ್ಪಡಿಸದೆ ಕಲಸಿಬಿಟ್ಟಿದ್ದ. ಅವು ಬೇರೆ ಬೇರೆ ಪ್ರಭೇದ ಅಂತ ಪಕ್ಷಿತಜ್ಞ ಜಾನ್ ಗೌಲ್ಡ್ 1837ರಲ್ಲಿ ಹೇಳಿದ ಮೇಲೆ ಹಡಗಿನ ಕ್ಯಾಪ್ಟನ್ ಫಿಟ್ಜ್‌ರಾಯ್ ಮತ್ತಿತರರು ತಂದಿದ್ದ ಹಕ್ಕಿಗಳ ಚೀಟಿ ಹುಡುಕಿಕೊಂಡು ಹೋಗಬೇಕಾಯಿತು.

ಬಾಲಿ–ಲೊಂಬೋಕ್ ವಿಚಾರವೂ ಇದೇ. ಸಿಂಗಾಪುರದಿಂದ ಮಕಾಸ್ಸರ್‌ಗೆ ನೇರ ಹಡಗು ಸಿಗದೆ 1856ರ ಜೂನ್‌ನಲ್ಲಿ ಸುತ್ತುದಾರಿ ಹಿಡಿದ, ಬಾಲಿಯಲ್ಲಿ ಎರಡೇ ದಿನ ಇದ್ದ. ಆಚೆಯ ಲೊಂಬೋಕ್ ಸುಮಾರು 35 ಕಿಲೋಮೀಟರ್ ದೂರ. ಬಾಲಿಯಲ್ಲಿ ಕುಟ್ರುಹಕ್ಕಿ, ಮರಕುಟಿಗ. ಲೊಂಬೋಕ್‌ನಲ್ಲಿ ಕಾಕಟೂ, ಜೇನುಗುಟುಕ, ಮಣ್ಣಿನ ಗುಡ್ಡೆಯಲ್ಲಿ ಮೊಟ್ಟೆ ಹೂಳುವ ಮೆಗಾಪೋಡ್. ಹವೆ ಒಂದೇ, ಮಣ್ಣೂ ಹೆಚ್ಚುಕಡಿಮೆ ಒಂದೇ, ಆದರೂ ಒಂದು ಕಡೆ ಏಷ್ಯಾ, ಇನ್ನೊಂದು ಕಡೆ ಆಸ್ಟ್ರೇಲಿಯಾ. ಆ ಜಲಸಂಧಿ 200 ಮೀಟರಿಗೂ ಹೆಚ್ಚು ಆಳ. ಹಿಮಯುಗದಲ್ಲಿ ಸಮುದ್ರ ಸುಮಾರು 120 ಮೀಟರ್ ಇಳಿದಾಗಲೂ ಬತ್ತಲಿಲ್ಲ. ಈ ಎರಡು ಪ್ರಾಣಿಲೋಕಗಳ ನಡುವಿನ ಗೆರೆಯನ್ನು ವಾಲೇಸ್ ನಕ್ಷೆಯ ಮೇಲೆ ಎಳೆದದ್ದು 1863ರಲ್ಲಿ. 'ವಾಲೇಸ್ ರೇಖೆ' ಅಂತ ಹೆಸರಿಟ್ಟವನು ಜೀವವಿಜ್ಞಾನಿ ಹಕ್ಸ್‌ಲಿ, 1868ರಲ್ಲಿ.

1856ರ ಆಗಸ್ಟ್‌ನಲ್ಲಿ ಲೊಂಬೋಕ್‌ನಿಂದ ಸ್ಟೀವನ್ಸ್‌ಗೆ ಕಳಿಸಿದ ಪೆಟ್ಟಿಗೆಯಲ್ಲಿ ಒಂದು ಸಾಕುಬಾತುಕೋಳಿಯ ಚರ್ಮವೂ ಇತ್ತು, 'ಇದು ಡಾರ್ವಿನ್‌ಗೆ' ಅನ್ನುವ ಸೂಚನೆಯೊಂದಿಗೆ. ನೈಸರ್ಗಿಕ ಆಯ್ಕೆಯ ವಿಚಾರವನ್ನು ಟೆರ್ನೇಟ್ ದ್ವೀಪದಿಂದ ಡಾರ್ವಿನ್‌ಗೆ ಬರೆದು ಕಳಿಸಲು ಇನ್ನೂ ಒಂದೂವರೆ ವರ್ಷವಿತ್ತು.

ಗರಿಗೆದರಿ:

ಚೀಟಿಯ ಮಾತು ಚೆನ್ನಾಗಿದೆ. ಹಾಗಾದರೆ ಜ್ವರದ ಕಥೆ ಸುಳ್ಳೇ? ಮತ್ತೆ, ಅಮೆಜಾನ್ ಸಂಗ್ರಹ ಹಡಗಿನ ಸಮೇತ ಸುಟ್ಟುಹೋಯಿತಲ್ಲ, ಆ ಬೆಂಕಿ ಬಿದ್ದದ್ದು ಹೇಗೆ?

ಅಂಚೆಮೊಹರು:

ಜ್ವರ ಸುಳ್ಳಲ್ಲ, ಆದರೆ ಎಲ್ಲವೂ ಅದರಲ್ಲೇ ಹುಟ್ಟಲಿಲ್ಲ. ಹೊಸ ಪ್ರಭೇದ ಹುಟ್ಟುವುದು ಯಾವಾಗಲೂ ಹತ್ತಿರದ ನಂಟಿನ ಹಳೆಯ ಪ್ರಭೇದ ಇದ್ದ ಜಾಗದಲ್ಲೇ, ಆ ಕಾಲಕ್ಕೆ ತಾಗಿಕೊಂಡೇ ಅಂತ 1855ರ ಫೆಬ್ರವರಿಯಲ್ಲಿ ಸರಾವಕ್‌ನಲ್ಲಿ ಕೂತು ಬರೆದಿದ್ದ. ಆ ಸೆಪ್ಟೆಂಬರ್‌ನಲ್ಲಿ ಅಚ್ಚಾಯಿತು. ಅಂದರೆ ಪ್ರಭೇದಗಳು ಕವಲೊಡೆಯುತ್ತವೆ ಅನ್ನುವುದು ಗಟ್ಟಿಯಾಗಿತ್ತು, ಹೇಗೆ ಅನ್ನುವುದು ಬಾಕಿ ಇತ್ತು. 1858ರ ಫೆಬ್ರವರಿಯ ಚಳಿಜ್ವರದಲ್ಲಿ ಜನಸಂಖ್ಯೆ ಆಹಾರಕ್ಕಿಂತ ಬೇಗ ಬೆಳೆಯುತ್ತದೆ ಅನ್ನುವ ಮಾಲ್ಥಸ್‌ನ ವಾದ ನೆನಪಾಗಿ ಆ 'ಹೇಗೆ' ಸಿಕ್ಕಿತು: ಹುಟ್ಟಿದ್ದೆಲ್ಲ ಉಳಿಯುವುದಿಲ್ಲ, ಹೊಂದಿಕೊಂಡದ್ದು ಉಳಿಯುತ್ತದೆ. ಇದನ್ನೇ ಪ್ರಬಂಧವಾಗಿ ಬರೆದು ಡಾರ್ವಿನ್‌ಗೆ ಕಳಿಸಿದ. ಪ್ರಬಂಧದ ಮೇಲೆ ಟೆರ್ನೇಟ್ ಅಂತಿದ್ದರೂ ಆ ತಿಂಗಳ ಬಹುಪಾಲು ಅವನು ಇದ್ದದ್ದು ಪಕ್ಕದ ಗಿಲೋಲೊ ದ್ವೀಪದಲ್ಲಿ, ಇಂದಿನ ಹಲ್ಮಹೇರದಲ್ಲಿ.

ಡಾರ್ವಿನ್ ಅದು ತಲುಪಿದ್ದಾಗಿ ತಿಳಿಸಿದ್ದು 1858ರ ಜೂನ್ 18ರಂದು. ಜುಲೈ 1ರಂದು ಲಂಡನ್‌ನ ವಿಜ್ಞಾನ ಸಂಘವಾದ ಲಿನಿಯನ್ ಸೊಸೈಟಿಯಲ್ಲಿ ಡಾರ್ವಿನ್‌ನ 1844ರ ಬರಹದ ಭಾಗ, 1857ರಲ್ಲಿ ಅಮೆರಿಕದ ಸಸ್ಯವಿಜ್ಞಾನಿ ಏಸಾ ಗ್ರೇಗೆ ಬರೆದ ಪತ್ರದ ಭಾಗ, ಕೊನೆಗೆ ವಾಲೇಸ್‌ನ ಪ್ರಬಂಧ, ಈ ಕ್ರಮದಲ್ಲಿ ಓದಿದರು. ವಾಲೇಸ್‌ನನ್ನು ಯಾರೂ ಕೇಳಿರಲಿಲ್ಲ, ಅವನು ಆಗ ಡೋರೆಯಲ್ಲಿ ಮೇಲೆ ಹೇಳಿದ ಇರುವೆಗಳ ಜೊತೆ ಗುದ್ದಾಡುತ್ತಿದ್ದ. ಡಾರ್ವಿನ್ ಕದ್ದ ಅನ್ನುವುದಕ್ಕೆ 1844ರ ಬರಹವೇ ಉತ್ತರ. ಕೇಳದೆ ಓದಿದ್ದು ಸರಿಯೇ ಅನ್ನುವ ಪ್ರಶ್ನೆ ಮಾತ್ರ ಹಾಗೇ ನಿಲ್ಲುತ್ತದೆ, ವಾಲೇಸ್ ಸ್ವತಃ ಮುನಿಸಿಕೊಳ್ಳದಿದ್ದರೂ.

ಕೀಟಪೆಟ್ಟಿಗೆ:

ಬೆಂಕಿಗೆ ಕಾರಣ ಭತ್ತದ ಹೊಟ್ಟು. 'ಹೆಲೆನ್' ಹಡಗಿನಲ್ಲಿ ಕೊಪೈಬ ಮರದ ರಾಳದ ಪುಟ್ಟ ಪೀಪಾಯಿಗಳಿದ್ದವು. ಹಡಗಿನ ಅಲುಗಾಟಕ್ಕೆ ಅದು ತಾನಾಗಿ ಕಾವೇರಿ ಹೊತ್ತಿಕೊಳ್ಳುವ ಸರಕು, ಆದ್ದರಿಂದ ಒದ್ದೆ ಮರಳಿನಲ್ಲಿ ಹೂತು ಸಾಗಿಸುವುದು ರೂಢಿ. ಕೊನೆ ಗಳಿಗೆಯಲ್ಲಿ ಇನ್ನಷ್ಟು ಪೀಪಾಯಿ ಬಂದವು, ಮರಳಿರಲಿಲ್ಲ, ಕ್ಯಾಪ್ಟನ್‌ಗೆ ಆ ಸರಕು ಹೊಸದು. ಕೈಗೆ ಸಿಕ್ಕ ಹೊಟ್ಟು ತುಂಬಿಸಿದ. 1852ರ ಆಗಸ್ಟ್ 6ರಂದು ಹೊಗೆ ಬಂತು. ಏನಾಗಿದೆ ನೋಡೋಣ ಅಂತ ಮುಚ್ಚಳ ತೆರೆದು ಗಾಳಿ ಬಿಟ್ಟದ್ದು ಇನ್ನೂ ಕೆಟ್ಟದ್ದಾಯಿತು. ಹತ್ತು ದಿನ ತೆರೆದ ದೋಣಿಯಲ್ಲಿ. ಉಳಿದದ್ದು ಒಂದು ತಗಡಿನ ಡಬ್ಬಿ, ಅದರಲ್ಲಿ ಮೀನು ಮತ್ತು ತಾಳೆಮರಗಳ ಚಿತ್ರ.

ಹಾನಿ ಅಷ್ಟಾದದ್ದಕ್ಕೆ ಇನ್ನೊಂದು ಕಾರಣವಿದೆ. ಅವನು ಮೊದಲೇ ಕಳಿಸಿದ್ದ ಪೆಟ್ಟಿಗೆಗಳು ಬಾರಾದಲ್ಲಿ, ಇಂದಿನ ಮನೌಸ್‌ನಲ್ಲಿ, ಸುಂಕದ ತಕರಾರಿಗೆ ಸಿಕ್ಕಿಕೊಂಡು ಅಲ್ಲೇ ಕೂತಿದ್ದವು. ಹಾಗಾಗಿ ಕೊನೆಯ ವರ್ಷಗಳ ಸಂಗ್ರಹವೆಲ್ಲ ಒಂದೇ ಹಡಗು ಹತ್ತಿತು. ಸ್ಟೀವನ್ಸ್ ವಿಮೆ ಮಾಡಿಸಿದ್ದರಿಂದ ವಾಲೇಸ್ ಬದುಕಿಕೊಂಡ. ಮಲಯದಲ್ಲಿ ಎಂಟು ವರ್ಷವೂ ಸಿಕ್ಕದ್ದನ್ನು ಕಂತು ಕಂತಾಗಿ ಲಂಡನ್‌ಗೆ ಸಾಗಹಾಕುತ್ತಲೇ ಇದ್ದ.