ಡ್ರ್ಯಾಗನ್‌ಗಳ ಲೋಕದ ಬಂಡೆಗೋಟೆಗೆ ಬಾದಾಮಿ ಮಾದರಿಯಾಗಬಲ್ಲುದೇ?

ಪ್ರಶ್ನೆ (ಗುಳೇದಗುಡ್ಡದಿಂದ)

ಎಲ್ಲರಿಗೂ ನಮಸ್ಕಾರ. ಡ್ರ್ಯಾಗನ್‌ಗಳು ಹಾರಾಡುವ ಕಲ್ಪಿತ ಲೋಕವೊಂದನ್ನು ಕುರಿತು ಕಾದಂಬರಿ ಬರೆಯುತ್ತಿದ್ದೇನೆ. ಕಡಿದಾದ ಬಂಡೆಯ ನೆತ್ತಿಯಲ್ಲಿರುವ ಪುರಾತನ ಕೋಟೆಯೇ ಅದರ ಕೇಂದ್ರ. ಬಾದಾಮಿಯ ಅಗಸ್ತ್ಯ ತೀರ್ಥವೆಂಬ ಕೆರೆಯ ಇಕ್ಕೆಲದಲ್ಲಿ ಎದ್ದು ನಿಂತ ಕೆಂಪು ಬಂಡೆಗಳು, ಉತ್ತರದ ಬಾವನ್‌ಬಂಡೆ ಕೋಟೆ, ದಕ್ಷಿಣದ ರಣಮಂಡಲ ಕೋಟೆ, ಇವೆಲ್ಲವನ್ನೂ ಆ ಲೋಕಕ್ಕೆ ಒಯ್ಯಬೇಕೆಂಬುದು ನನ್ನ ಆಸೆ. ಆದರೆ ಶತ್ರುವು ಕೆಳಗಿನಿಂದ ಹತ್ತಿಯೇ ಬರಬೇಕೆಂಬ ನಂಬಿಕೆಯ ಮೇಲೆ ಗಿರಿದುರ್ಗದ ಬಲವೆಲ್ಲ ನಿಂತಿರುತ್ತದೆ. ಆಕಾಶದಿಂದ ಎರಗಿ ಬೆಂಕಿ ಉಗುಳುವ ಪ್ರಾಣಿಯ ಎದುರು ಇಂಥ ಕೋಟೆ ಶತಮಾನಗಳ ಕಾಲ ಉಳಿಯಿತೆಂದರೆ ಓದುಗರು ನಂಬುವರೇ?

ಉತ್ತರ 1 (ಬಾದಾಮಿಯಿಂದ)

ಖಂಡಿತ ನಂಬುತ್ತಾರೆ, ಕೋಟೆಯನ್ನು ಬಂಡೆಯ ಮೇಲೆ ಮಾತ್ರವಲ್ಲದೆ ಬಂಡೆಯ ಒಳಗೂ ಕಟ್ಟಿದರೆ. ಚಾಲುಕ್ಯ ದೊರೆ ಒಂದನೆಯ ಪುಲಕೇಶಿಯು ಕ್ರಿ.ಶ. 543ರಲ್ಲಿ ಇಲ್ಲಿಯ ಬಂಡೆಯ ಮೇಲೆ ಕೆತ್ತಿಸಿದ ಶಾಸನವು, ವಾತಾಪಿಯ (ಬಾದಾಮಿಯ ಹಳೆಯ ಹೆಸರು) ಗಿರಿಯನ್ನು ಮೇಲಿನಿಂದಲೂ ಕೆಳಗಿನಿಂದಲೂ ಗೆಲ್ಲಲಾಗದ ದುರ್ಗವನ್ನಾಗಿ ಮಾಡಿದನೆಂದು ಹೇಳುತ್ತದೆ. ‘ಮೇಲಿನಿಂದಲೂ’ ಎಂಬ ಆ ಒಂದು ಮಾತೇ ನಿಮ್ಮ ಕಾದಂಬರಿಗೆ ಬುನಾದಿಯಾಗಬಹುದು.

ವಸ್ತುಸಂಗ್ರಹಾಲಯದ ಪಕ್ಕದಿಂದ ಉತ್ತರ ಕೋಟೆಗೆ ಹತ್ತುವ ದಾರಿಯನ್ನು ಗಮನವಿಟ್ಟು ನೋಡಿ. ಬಂಡೆ ನೆಟ್ಟಗೆ ಸೀಳಿಕೊಂಡ ಸಂದಿಯೊಳಗೆ ಮೆಟ್ಟಿಲುಗಳು ತಿರುಗುತ್ತ ಸಾಗುತ್ತವೆ. ಎರಡೂ ಬದಿಯ ಗೋಡೆಗಳು ಎಷ್ಟು ಒತ್ತಾಗಿವೆಯೆಂದರೆ, ತಲೆಯೆತ್ತಿದರೆ ಆಕಾಶ ಒಂದು ಪಟ್ಟಿಯಷ್ಟೇ ಕಾಣುತ್ತದೆ. ರೆಕ್ಕೆ ಬಿಚ್ಚಿದ ಯಾವ ಪ್ರಾಣಿಯೂ ಅಲ್ಲಿಗೆ ಇಳಿಯಲಾರದು. ಇಲ್ಲಿಯ ಮರಳುಗಲ್ಲು ಹೆಚ್ಚುಕಡಿಮೆ ಅಡ್ಡ ಪದರುಗಳಾಗಿ ಕೂತಿರುವುದರಿಂದ, ಮೆದು ಪದರು ಸವೆದ ಕಡೆ ಮೇಲಿನ ಗಟ್ಟಿ ಪದರು ಚಾವಣಿಯಂತೆ ಚಾಚಿಕೊಂಡಿರುತ್ತದೆ. ವಾಸದ ಕೋಣೆಗಳನ್ನು ಅದರಡಿ ಕೊರೆಯಿಸಿ. ನೆತ್ತಿಯ ಬುರುಜು ಕಾವಲಿಗಷ್ಟೇ ಇರಲಿ.

ಉತ್ತರ 2 (ವಿಜಯಪುರದಿಂದ)

ಮೇಲಿನವರ ಮಾತು ಸರಿಯಾಗಿದೆ. ಆದರೆ ಬೆಂಕಿಯ ವಿಷಯ ಅಷ್ಟು ಸುಲಭವಲ್ಲ. ಮರಳುಗಲ್ಲಿನ ಬಹುಭಾಗ ಸ್ಫಟಿಕಶಿಲೆಯ ಕಣಗಳೇ ಆಗಿದ್ದು, ಸುಮಾರು 573 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆ ಕಣಗಳ ಹರಳಿನ ರಚನೆ ಬದಲಾಗಿ ಅವು ತಟ್ಟನೆ ಹಿಗ್ಗುತ್ತವೆ. ಆಗ ಕಲ್ಲು ಬಿರುಕು ಬಿಟ್ಟು ಚಕ್ಕೆಚಕ್ಕೆಯಾಗಿ ಉದುರುತ್ತದೆ, ಕಾದ ಕಲ್ಲಿಗೆ ತಣ್ಣೀರು ಬಿದ್ದರಂತೂ ಇನ್ನಷ್ಟು ಬೇಗ. ಆದ್ದರಿಂದ ನಿಮ್ಮ ಕೋಟೆಯ ಹೊರಮೈ ನುಣುಪಾಗಿರದೆ, ತಲೆಮಾರುಗಳ ದಾಳಿಯಲ್ಲಿ ಚಕ್ಕೆಯೆದ್ದು ಕರಿಕಾಗಿರಬೇಕು. ಉರಿಯುವ ಗೋಡೆಗೆ ನೀರೆರಚಬಾರದೆಂಬ ಕಟ್ಟಪ್ಪಣೆಯನ್ನು ಕಾವಲುಗಾರರಿಗೆ ಕೊಡಿಸಬಹುದು. ಅದನ್ನು ಮೀರಿದ ಹೊಸಬನೊಬ್ಬನಿಂದಲೇ ಒಂದು ಒಳ್ಳೆಯ ಅಧ್ಯಾಯ ಹುಟ್ಟೀತು!

ತೋಪುಗಳನ್ನು ತರುವ ಯೋಚನೆಯಿದ್ದರೆ ಬಿಟ್ಟುಬಿಡಿ. ನಮ್ಮ ಮಲಿಕ್-ಎ-ಮೈದಾನ್ ತೋಪು ಸುಮಾರು 55 ಟನ್ ತೂಗುತ್ತದೆ. ಅಂಥದನ್ನು ಹಾರುವ ಗುರಿಯ ಹಿಂದೆ ತಿರುಗಿಸುವುದು ಸಾಧ್ಯವಿಲ್ಲ. ಆದರೆ ಅದರ ಬಾಯಿಯನ್ನು ಮಾತ್ರ ಹತ್ತಿರದಿಂದ ನೋಡಿ ಬನ್ನಿ: ತೆರೆದ ಸಿಂಹದ ದವಡೆಗಳ ನಡುವೆ ಆನೆಯೊಂದು ಸಿಕ್ಕಿಬಿದ್ದಿದೆ. ಡ್ರ್ಯಾಗನ್‌ನ ಮುಖವನ್ನು ವರ್ಣಿಸಲು ಪರದೇಶದ ಚಿತ್ರಗಳನ್ನು ಹುಡುಕುವ ಅಗತ್ಯವೇ ಇಲ್ಲ.

ಉತ್ತರ 3 (ಬಾಗಲಕೋಟೆಯಿಂದ)

ಬಂಡೆಯ ಬಗ್ಗೆ ಇಷ್ಟು ಚರ್ಚೆಯಾದರೂ ಊರಿನ ಬಗ್ಗೆ ಯಾರೂ ಬರೆದಿಲ್ಲವೆಂಬುದು ನನಗೆ ಬೇಸರ ತಂದಿದೆ. ಪುಲಕೇಶಿ ಗೆಲ್ಲಲಾಗದು ಎಂದ ಅದೇ ವಾತಾಪಿಯನ್ನು ಪಲ್ಲವರ ಒಂದನೆಯ ನರಸಿಂಹವರ್ಮನು 642ರಲ್ಲಿ ಗೆದ್ದು, ಅಲ್ಲಿಯ ಬಂಡೆಯ ಮೇಲೆಯೇ ತನ್ನ ಶಾಸನ ಕೆತ್ತಿಸಿದನು. ಚಾಲುಕ್ಯರ ಒಂದನೆಯ ವಿಕ್ರಮಾದಿತ್ಯನು ಅದನ್ನು ಮರಳಿ ಪಡೆಯಲು ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ದುರ್ಗವೆಷ್ಟೇ ಭದ್ರವಾಗಿದ್ದರೂ ಅದಕ್ಕೆ ಅನ್ನ ಹಾಕುವವರು ಬಯಲಿನಲ್ಲಿರುತ್ತಾರೆ. ನಿಮ್ಮ ಡ್ರ್ಯಾಗನ್ ಬುದ್ಧಿಯುಳ್ಳದ್ದಾದರೆ ಬಂಡೆಯ ಗೊಡವೆಗೇ ಹೋಗದೆ ಸುಗ್ಗಿಯ ಹೊತ್ತಿಗೆ ಜೋಳದ ಹೊಲಗಳನ್ನು ಸುಟ್ಟು ಕಾಯುತ್ತದೆ.

ಉತ್ತರ ಕೋಟೆಯ ಮೇಲಿರುವ ಕಲ್ಲಿನ ಕಣಜಗಳನ್ನು ನೀವು ನೋಡಿರಬಹುದು. ಕಾದಂಬರಿಯಲ್ಲಿ ಅವನ್ನು ಬಂಡೆಯ ಹೊಟ್ಟೆಯೊಳಕ್ಕೆ ಇಳಿಸಿ. ಕೆರೆಯ ನೀರಿಗೆ ಮರೆಯಾದ ಮೆಟ್ಟಿಲುದಾರಿಯೊಂದನ್ನು ಮಾಡಿಸಿ. ಸಂದಿಗಳಲ್ಲಿ ಹೊಗೆ ತುಂಬಿದರೆ ಒಳಗಿನವರು ಉಸಿರುಗಟ್ಟಿ ಸಾಯುವುದರಿಂದ ಗಾಳಿಗಂಡಿಗಳನ್ನು ಬಂಡೆಯ ಇನ್ನೊಂದು ಮಗ್ಗುಲಿಗೆ ತೆರೆಯಿಸಿ. ಕೋಟೆಯೊಳಗೆ ಎಷ್ಟು ಜನರಿದ್ದಾರೆ, ಮುತ್ತಿಗೆ ಎಷ್ಟು ತಿಂಗಳು ನಡೆಯುತ್ತದೆ ಎಂಬುದನ್ನು ತಿಳಿಸಿದರೆ, ಕಣಜಗಳಲ್ಲಿ ಎಷ್ಟು ಚೀಲ ಜೋಳ ಇರಬೇಕೆಂದು ಲೆಕ್ಕ ಹಾಕಿ ಬರೆಯುತ್ತೇನೆ.