ಅವ್ವ, ನಾನು, ಮಗಳು ಮೂವರೂ ಕೂತು ಓದುವಂಥ ಕ್ರೈಸ್ತ ಕಥೆಪುಸ್ತಕ ಯಾವುದಿದೆ?

ಧಾರವಾಡದ ಓದುಗಾರ್ತಿ:

ಎಲ್ಲರಿಗೂ ವಂದನೆ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಓದಿ ಉತ್ತರ ಕೊಡಿ.

ನಮ್ಮ ಮನೆಯಲ್ಲಿ ಈಗ ನಾವು ಮೂವರು ಹೆಂಗಸರು. ಅವ್ವನಿಗೆ 71, ನನಗೆ 43, ಮಗಳಿಗೆ 13. ಯಜಮಾನರ ಕೆಲಸ ಪುಣೆಯಲ್ಲಿ, ತಿಂಗಳಿಗೊಮ್ಮೆ ಬರುತ್ತಾರೆ. ಹೋದ ವರ್ಷ ಅಪ್ಪ ತೀರಿಕೊಂಡರು. ಅವರಿದ್ದಾಗ ರಾತ್ರಿ ಊಟಕ್ಕೆ ಮುಂಚೆ ಒಂದು ಕೀರ್ತನೆ, ಸತ್ಯವೇದದ ಒಂದು ಅಧ್ಯಾಯ, ಪ್ರಾರ್ಥನೆ. ಅದು ಇವತ್ತಿಗೂ ನಿಂತಿಲ್ಲ. ಆದರೆ ಭಾನುವಾರ ಸಂಜೆ ಮನೆ ಬಿಕೋ ಅನ್ನುತ್ತದೆ. ಆ ಹೊತ್ತಿಗೆ ಅಪ್ಪ ಆರಾಮಕುರ್ಚಿಯಲ್ಲಿ ಕೂತು ಏನಾದರೊಂದು ಕಥೆ ಜೋರಾಗಿ ಓದುತ್ತಿದ್ದರು, ಅವ್ವ ಅಲ್ಲೇ ಕೆಳಗೆ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತ ಕೇಳುತ್ತಿದ್ದರು. ಈಗ ಸೊಪ್ಪು ಬಿಡಿಸುತ್ತಾರೆ, ಮಾತಿಲ್ಲ.

ಮತ್ತೆ ಆ ಓದು ಶುರು ಮಾಡಬೇಕು ಅಂತ ನನಗೆ ಆಸೆ. ತೊಂದರೆ ಏನೆಂದರೆ, ಅವ್ವನಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬರುವುದಿಲ್ಲ, ಕಣ್ಣಿನ ಪೊರೆ ಆಪರೇಷನ್ ಆದ ಮೇಲೂ ಸಣ್ಣ ಅಕ್ಷರ ಓದಲಾಗುವುದಿಲ್ಲ. ತ್ರಿವೇಣಿ, ಎಂ. ಕೆ. ಇಂದಿರಾ ಓದಿಕೊಂಡು ಬಂದವರು, ವಾರಪತ್ರಿಕೆಯ ಧಾರಾವಾಹಿ ಅಂದರೆ ಪ್ರಾಣ. ಮಗಳು ಇಂಗ್ಲಿಷ್ ಮೀಡಿಯಂ. ಕನ್ನಡ ಓದುತ್ತಾಳೆ, ತುಂಬ ನಿಧಾನ. ಸಭೆಯಲ್ಲಿ ಪುಸ್ತಕ ಮಾರುವ ಮೇಜಿನ ಮೇಲೆ ಹುಡುಕಿದರೆ ಎಲ್ಲ ಪ್ರಸಂಗದ ಪುಸ್ತಕ, ಧ್ಯಾನದ ಪುಸ್ತಕ. ಅವು ಬೇಡ ಅಂತಲ್ಲ. ನಮಗೆ ಬೇಕಾಗಿರುವುದು ಕಥೆ. ಮನೆ, ಅಡುಗೆ, ಜಗಳ, ಮದುವೆ, ಸಾವು ಎಲ್ಲ ಇರಲಿ, ಅದರೊಳಗೆ ದೇವರೂ ಇರಲಿ. ಮಗಳ ಮುಂದೆ ಓದಲು ಮುಜುಗರ ಆಗಬಾರದು. ಇಂಥದ್ದು ಇದೆಯಾ?

ಪುಸ್ತಕದ ಗೂಡು:

ಅಕ್ಕ, ಖಂಡಿತ ಇದೆ. ಜಾಸ್ತಿ ಇರುವುದು ಇಂಗ್ಲಿಷ್‌ನಲ್ಲಿ, ಅದೊಂದೇ ಬೇಸರ. ನಾನು ಇಪ್ಪತ್ತು ವರ್ಷದಿಂದ ಇದನ್ನೇ ಓದುತ್ತಿದ್ದೇನೆ, ಬೇರೆಯವರು ಹಗುರ ಓದು ಅಂತಾರೆ, ಆದರೆ ನನ್ನ ಎರಡನೇ ಹೆರಿಗೆ ಆದ ಮೇಲೆ ಮನಸ್ಸು ತೀರಾ ಕುಗ್ಗಿದ್ದಾಗ ನನ್ನ ಕೈ ಹಿಡಿದದ್ದು ಈ ಹಗುರ ಪುಸ್ತಕಗಳೇ.

ನಿಮ್ಮ ಅವ್ವನಿಗೆ ಅಂತ ಯೋಚಿಸಿದಾಗ ಮೊದಲು ನೆನಪಾಗಿದ್ದು ಜಾನೆಟ್ ಓಕ್ 1979ರಲ್ಲಿ ಬರೆದ ‘ಲವ್ ಕಮ್ಸ್ ಸಾಫ್ಟ್ಲಿ’. ಹೆಸರು ಕೇಳಿ ಪ್ರೇಮಕಥೆ ಅಂದುಕೊಳ್ಳಬೇಡಿ, ನಿಜವಾಗಿ ಅದು ದುಃಖದ ಕಥೆ. ಗಾಡಿ ಕಟ್ಟಿಕೊಂಡು ಅಮೆರಿಕದ ಪಶ್ಚಿಮಕ್ಕೆ ಹೊರಟ ಹುಡುಗಿಯೊಬ್ಬಳ ಗಂಡ ದಾರಿಯಲ್ಲೇ ಸಾಯುತ್ತಾನೆ. ಅವಳು ಬಸುರಿ. ಅಲ್ಲೊಬ್ಬ ಹೆಂಡತಿ ಸತ್ತ ರೈತ, ಅವನಿಗೊಂದು ಪುಟ್ಟ ಮಗಳು. ಮಗುವಿಗೆ ತಾಯಿ ಬೇಕು, ನಿನಗೆ ಸೂರು ಬೇಕು, ವಸಂತದಲ್ಲಿ ಊರ ಕಡೆ ಗಾಡಿ ಹೊರಟಾಗ ಬೇಕಿದ್ದರೆ ಖರ್ಚು ಕೊಟ್ಟು ಕಳಿಸುತ್ತೇನೆ ಅಂತ ಹೇಳಿ ಮದುವೆಯಾಗುತ್ತಾನೆ. ಆಮೇಲೆ ಪುಸ್ತಕದ ತುಂಬ ದೊಡ್ಡ ಘಟನೆ ಅಂತ ಜಾಸ್ತಿ ಇಲ್ಲ. ಒಲೆ ಹಚ್ಚುವುದು, ಕೋಳಿ, ಅಕ್ಕಪಕ್ಕದವರು, ಆ ಮನುಷ್ಯ ಊಟಕ್ಕೆ ಮುಂಚೆ ಮಾಡುವ ಪ್ರಾರ್ಥನೆ. ಇವನು ಮಾತಾಡುವ ದೇವರು ಯಾರು ಅಂತ ಅವಳು ನಿಧಾನಕ್ಕೆ ಕೇಳಿಸಿಕೊಳ್ಳಲು ಶುರು ಮಾಡುತ್ತಾಳೆ. ಗಂಡನನ್ನು ಕಳೆದುಕೊಂಡವರಿಗೆ ಮೊದಲ ಅಧ್ಯಾಯ ಕಷ್ಟ ಆಗಬಹುದು, ನೀವೇ ಒಮ್ಮೆ ಓದಿ ನೋಡಿ.

ನಗು ಬೇಕು ಅಂದರೆ ಜಾನ್ ಕಾರನ್ ಅವರ ಮಿಟ್‌ಫರ್ಡ್ ಪುಸ್ತಕಗಳು. ಸಣ್ಣ ಬೆಟ್ಟದೂರು, ಅರವತ್ತರ ಹತ್ತಿರದ ಮದುವೆಯಾಗದ ಪಾದ್ರಿ, ಅವರಿಗೆ ಸಕ್ಕರೆ ಕಾಯಿಲೆ, ಮನೆಗೆ ತಾನಾಗೇ ಬಂದು ಸೇರಿಕೊಂಡ ಎಮ್ಮೆಯಂಥ ಕರಿ ನಾಯಿ. ಆ ನಾಯಿ ಯಾರ ಮಾತೂ ಕೇಳುವುದಿಲ್ಲ, ಸತ್ಯವೇದದ ವಚನ ಹೇಳಿದರೆ ಮಾತ್ರ ತೆಪ್ಪಗೆ ಕೂರುತ್ತದೆ! ಮೊದಲ ಪುಸ್ತಕ ಬಂದದ್ದು 1994ರಲ್ಲಿ, ಅದಕ್ಕೂ ಮುಂಚೆ ಅದು ಊರ ಪತ್ರಿಕೆಯಲ್ಲಿ ವಾರ ವಾರ ಬಂದ ಧಾರಾವಾಹಿ. ನಿಮ್ಮ ಅವ್ವನಿಗೆ ಹಿಡಿಸುತ್ತದೆ ಅನ್ನಲು ಅಷ್ಟು ಸಾಕು ಅಲ್ವಾ?

ಒಂದು ಎಚ್ಚರಿಕೆ. ಯಾರು ಕೇಳಿದರೂ ಫ್ರಾನ್ಸಿನ್ ರಿವರ್ಸ್ ಅವರ ‘ರಿಡೀಮಿಂಗ್ ಲವ್’ ಓದಿ ಅನ್ನುತ್ತಾರೆ. ಸತ್ಯವೇದದ ಪ್ರವಾದಿ ಹೋಶೇಯನ ಕಥೆಯನ್ನು ಕ್ಯಾಲಿಫೋರ್ನಿಯಾದ ಚಿನ್ನದ ಗಣಿಗಳ ಕಾಲಕ್ಕೆ ತಂದಿದ್ದಾರೆ. ನಾನು ಅತ್ತಿದ್ದೇನೆ ಅದನ್ನು ಓದಿ. ಆದರೆ ಅದರಲ್ಲಿ ವೇಶ್ಯಾವಾಟಿಕೆ ಇದೆ, ಮಗುವಿನ ಮೇಲಿನ ದೌರ್ಜನ್ಯ ಇದೆ. 13ರ ಹುಡುಗಿಗೆ ಬೇಡವೇ ಬೇಡ. ನೀವು ಒಬ್ಬರೇ ಓದಿ.

ಹಂಪನಕಟ್ಟೆ:

ಮೇಲಿನವರು ಹೇಳಿದ್ದೆಲ್ಲ ಒಳ್ಳೆಯ ಪುಸ್ತಕಗಳೇ, ಆದರೆ ಅವ್ವನಿಗೆ ಇಂಗ್ಲಿಷ್ ಬಾರದು ಅಂತ ಪ್ರಶ್ನೆಯಲ್ಲೇ ಇದೆಯಲ್ಲ. ನಾನು ಮಂಗಳೂರಿನವಳು, ನಮ್ಮ ಮನೆಯಲ್ಲೂ ಇದೇ ಪರಿಸ್ಥಿತಿ ಇತ್ತು. ನಾವು ಮಾಡಿದ್ದು ಹೇಳುತ್ತೇನೆ.

ಕನ್ನಡ ಪುಸ್ತಕ ಸಿಗಲಿ ಅಂತ ಕಾಯಬೇಡಿ. ಇಂಗ್ಲಿಷ್ ಪುಸ್ತಕ ಕೈಯಲ್ಲಿ ಹಿಡಿದು ಕನ್ನಡದಲ್ಲಿ ಹೇಳಿ. ಓದಬೇಡಿ, ಹೇಳಿ. ಮಗಳು ಒಂದು ಪುಟ ಮನಸ್ಸಿನಲ್ಲಿ ಓದಿಕೊಂಡು ಅಜ್ಜಿಗೆ ಕನ್ನಡದಲ್ಲಿ ಹೇಳಲಿ. ಮೊದಲ ವಾರ ತಡವರಿಸುತ್ತಾಳೆ, ಮೂರನೇ ವಾರಕ್ಕೆ ಅಜ್ಜಿಯ ಮಾತೇ ಅವಳ ಬಾಯಿಗೆ ಬರುತ್ತದೆ. ನನ್ನ ಮಗ ಹೀಗೇ ಕನ್ನಡ ಕಲಿತ.

ಶುರು ಮಾಡಲು ‘ಹೈಡಿ’ಗಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಯೊಹಾನ್ನಾ ಸ್ಪೀರಿ ಎಂಬ ಹೆಂಗಸು ಬರೆದದ್ದು, 1880-81ರಲ್ಲಿ, ಸ್ವಿಜರ್ಲೆಂಡಿನಲ್ಲಿ. ಅಂದರೆ 1834ರಲ್ಲಿ ನಮ್ಮೂರಿಗೆ ಬಂದು ಆಮೇಲೆ ನಿಮ್ಮ ಧಾರವಾಡಕ್ಕೂ ಹೋದ ಬಾಸೆಲ್ ಮಿಷನ್‌ನವರ ದೇಶ ಅದು. ಮಕ್ಕಳ ಪುಸ್ತಕ, ಕಾರ್ಟೂನ್ ಅಂತಲೇ ಎಲ್ಲರಿಗೂ ಗೊತ್ತು. ಕಾರ್ಟೂನ್‌ ನೋಡಿದವರಿಗೆ ನೆನಪಿರುವುದು ಬೆಟ್ಟ, ಮೇಕೆ. ಪುಸ್ತಕದ ಜೀವ ಇರುವುದು ಬೇರೆ ಕಡೆ. ಮೇಕೆ ಕಾಯುವ ಹುಡುಗನ ಅಜ್ಜಿಗೆ ಕಣ್ಣು ಕಾಣುವುದಿಲ್ಲ, ಹಲ್ಲಿಲ್ಲ. ಬಡವರ ಮನೆಯ ಗಟ್ಟಿ ಕಪ್ಪು ಬ್ರೆಡ್ಡು ಅಗಿಯಲು ಆಗುವುದಿಲ್ಲ. ಬೆಟ್ಟದ ಮೇಲೆ ತಾತನ ಜೊತೆ ಇರುವ ಪುಟ್ಟ ಹುಡುಗಿ ಹೈಡಿಯನ್ನು ದೊಡ್ಡ ಊರಿನ ಶ್ರೀಮಂತರ ಮನೆಗೆ ಕರೆದುಕೊಂಡು ಹೋಗುತ್ತಾರೆ. ಅಲ್ಲಿ ಊಟದ ತಟ್ಟೆಯ ಪಕ್ಕ ದಿನಾ ಒಂದು ಮೆತ್ತಗಿನ ಬಿಳಿ ಬನ್ನು. ಅವಳು ತಿನ್ನುವುದಿಲ್ಲ, ಜೇಬಿಗೆ ಹಾಕಿಕೊಂಡು ಹೋಗಿ ಬಟ್ಟೆ ಬೀರುವಿನಲ್ಲಿ ಒಟ್ಟಿಡುತ್ತಾಳೆ. ಊರಿಗೆ ಹೋದಾಗ ಅಜ್ಜಿಗೆ ಕೊಡಬೇಕು. ಒಂದು ದಿನ ಮನೆ ನೋಡಿಕೊಳ್ಳುವ ಹೆಂಗಸು ಬೀರು ತೆಗೆದು ನೋಡಿದರೆ ರಾಶಿ ಬನ್ನು, ಎಲ್ಲ ಒಣಗಿ ಕಲ್ಲಾಗಿವೆ, ಎತ್ತಿ ಬಿಸಾಡಿಸುತ್ತಾಳೆ. ಇಷ್ಟು ಹೇಳುವಾಗ ನಮ್ಮತ್ತೆ ಕೈಯಲ್ಲಿದ್ದ ಅಲಸಂದೆ ಕೆಳಗಿಟ್ಟು, ‘ಛೆ, ಆ ಮಗು ಏನು ಮಾಡಿತು ಹೇಳು’ ಅಂದರು.

ಮುಂದೆ ಹೈಡಿ ಓದಲು ಕಲಿತು ವಾಪಸ್ ಬಂದಾಗ ಆ ಕುರುಡು ಅಜ್ಜಿಗೆ ಹಳೆಯ ಕೀರ್ತನೆ ಪುಸ್ತಕ ಓದಿ ಹೇಳುತ್ತಾಳೆ. ಬನ್ನಿಗಿಂತ ಇದೇ ಸಾಕು ಅನ್ನುವ ಹಾಗೆ ಅಜ್ಜಿಯ ಮುಖ ಅರಳುತ್ತದೆ. ಊರವರ ಮೇಲೂ ದೇವರ ಮೇಲೂ ಮುನಿಸಿಕೊಂಡು ಬೆಟ್ಟದ ಮೇಲೆ ಒಬ್ಬನೇ ಇದ್ದ ಹೈಡಿಯ ತಾತನಿಗೆ ಅವಳು ಓದುವುದು ತಪ್ಪಿಹೋದ ಮಗನ ಕಥೆ, ಲೂಕ 15. ಅವನು ಆ ರಾತ್ರಿ ಮಾಡುವ ಪ್ರಾರ್ಥನೆ ನೀವೇ ಓದಿ, ನಾನು ಹೇಳುವುದಿಲ್ಲ. ಪ್ರಸಂಗ ಎಲ್ಲೂ ಇಲ್ಲ. ದೇವರು ಆ ಬನ್ನಿನಲ್ಲಿದ್ದಾನೆ.

ಹಳೆಯ ಪುಸ್ತಕವಾದ್ದರಿಂದ ಹಳೆಯ ಇಂಗ್ಲಿಷ್ ಅನುವಾದ ಪ್ರಾಜೆಕ್ಟ್ ಗುಟೆನ್‌ಬರ್ಗ್ ಎಂಬ ಜಾಲತಾಣದಲ್ಲಿ ದುಡ್ಡಿಲ್ಲದೆ ಸಿಗುತ್ತದೆ. ‘ಲಿಟ್ಲ್ ವಿಮೆನ್’ ಕೂಡ ಅಲ್ಲೇ ಇದೆ. ಅದರಲ್ಲಿ ನಾಲ್ಕು ಅಕ್ಕತಂಗಿಯರು ಚಿಕ್ಕವರಿದ್ದಾಗ ಬೆನ್ನಿಗೆ ಗಂಟು ಕಟ್ಟಿಕೊಂಡು ನೆಲಮಾಳಿಗೆಯಿಂದ ಮಾಳಿಗೆಗೆ ಹತ್ತುತ್ತ ಜಾನ್ ಬನ್ಯನ್ ಬರೆದ ‘ದ ಪಿಲ್ಗ್ರಿಮ್ಸ್ ಪ್ರೋಗ್ರೆಸ್’ ಕಥೆಯ ಯಾತ್ರಿಕನ ಆಟ ಆಡುತ್ತಾರೆ. ನಮ್ಮಲ್ಲಿ ಸಂಡೇ ಸ್ಕೂಲಿಗೆ ಹೋದವರಿಗೆ ಆ ಯಾತ್ರಿಕ, ಆ ಬೆನ್ನಿನ ಹೊರೆ ಎರಡೂ ಗೊತ್ತಲ್ಲ, ಅವ್ವ ಥಟ್ಟನೆ ಗುರುತು ಹಿಡಿಯುತ್ತಾರೆ.

ಕಾರ್ಕಳದ ಮಲ್ಲಿಗೆ:

ಕಥೆಯೇ ಆಗಬೇಕು ಅಂದಿದ್ದೀರಿ, ಆದರೂ ಒಂದು ನಿಜ ಜೀವನ ಸೇರಿಸುತ್ತೇನೆ, ನಮ್ಮ ನೆಲದವರು ಅಂತ. ಪಂಡಿತಾ ರಮಾಬಾಯಿ. ಎಲ್ಲರೂ ಪುಣೆಯವರು ಅಂದುಕೊಂಡಿದ್ದಾರೆ, ಹುಟ್ಟಿದ್ದು 1858ರಲ್ಲಿ ನಮ್ಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಕಾರ್ಕಳದ ಹತ್ತಿರದ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ವಿರೋಧ ಬಂದು ಕಾಡಿನಲ್ಲಿ ಮನೆ ಮಾಡಿದವರು. ಆ ತಾಯಿ ಬೆಳಗಿನ ಜಾವ, ಹಕ್ಕಿ ಕೂಗುವ ಹೊತ್ತಿಗೆ ಮಗಳನ್ನು ಎಬ್ಬಿಸಿ ಪಾಠ ಹೇಳುತ್ತಿದ್ದರು. ಮುಂದೆ ಬರಗಾಲದಲ್ಲಿ ತಂದೆ ತಾಯಿ ಹೋದರು, ಅಣ್ಣನ ಜೊತೆ ದೇಶವೆಲ್ಲ ನಡೆದರು, ಮದುವೆಯಾಗಿ ಎರಡು ವರ್ಷಕ್ಕೇ ವಿಧವೆ, ಕೈಯಲ್ಲಿ ಎಳೆಗೂಸು. ಅಲ್ಲಿಂದ ಎದ್ದು ಪುಣೆ ಹತ್ತಿರದ ಕೇಡಗಾಂವ್‌ನಲ್ಲಿ ಮುಕ್ತಿ ಮಿಷನ್ ಕಟ್ಟಿ, ಬರದಲ್ಲಿ ಅನಾಥರಾದ ನೂರಾರು ಹೆಣ್ಣುಮಕ್ಕಳಿಗೆ ಅನ್ನ ಹಾಕಿದರು. ಹಳ್ಳಿಯ ಹೆಂಗಸರಿಗೂ ತಿಳಿಯಲಿ ಅಂತ ಹೀಬ್ರೂ, ಗ್ರೀಕ್ ಕಲಿತು ಸತ್ಯವೇದವನ್ನು ಸರಳ ಮರಾಠಿಗೆ ತಂದರು. 1922ರಲ್ಲಿ ತೀರಿಕೊಂಡರು. ಅವರೇ 1907ರಲ್ಲಿ ಇಂಗ್ಲಿಷ್‌ನಲ್ಲಿ ಬರೆದ ಸಾಕ್ಷಿ ಚಿಕ್ಕದು, ನಾಲ್ಕು ಭಾನುವಾರದಲ್ಲಿ ಹೇಳಿ ಮುಗಿಸಬಹುದು. ಮಗಳಿಗೆ ಇದು ಬೇಕೇ ಬೇಕು ಅಂತ ನನ್ನ ಅನಿಸಿಕೆ.

ಧಾರವಾಡದ ಓದುಗಾರ್ತಿ:

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಎಲ್ಲರಿಗೂ ತುಂಬ ಥ್ಯಾಂಕ್ಸ್.

ಹಂಪನಕಟ್ಟೆ ಅಕ್ಕ, ನೀವು ಹೇಳಿದ ಹಾಗೆಯೇ ಮಾಡಿದೆವು. ಮೂರು ಭಾನುವಾರ ಆಯಿತು. ಮಗಳು ಅಪ್ಪನ ಕುರ್ಚಿಯಲ್ಲಿ ಕೂರಲು ಮೊದಲು ಒಪ್ಪಲಿಲ್ಲ, ಅಜ್ಜಿಯೇ ಕೂರಿಸಿದರು. ಗಟ್ಟಿ ಕಪ್ಪು ಬ್ರೆಡ್ಡು ಅಂದರೆ ಅವ್ವನಿಗೆ ತಿಳಿಯಲಿಲ್ಲ. ಮಗಳು ಒಂದು ಕ್ಷಣ ಯೋಚಿಸಿ ‘ಖಡಕ್ ರೊಟ್ಟಿ ಇದ್ದಂಗ ಅಜ್ಜಿ’ ಅಂದಳು. ಅವ್ವ ಹಾಂ ಅಂದರು. ಅವರಿಗೂ ಈಗ ಖಡಕ್ ರೊಟ್ಟಿ ಅಗಿಯಲು ಆಗುವುದಿಲ್ಲ, ಸಾರಿನಲ್ಲಿ ನೆನೆಸಿಕೊಂಡು ತಿನ್ನುತ್ತಾರೆ. ಅದು ಮಗಳಿಗೆ ಅವತ್ತೇ ಗಮನಕ್ಕೆ ಬಂದಿದ್ದು ಅನಿಸುತ್ತದೆ, ಮಾರನೇ ದಿನ ಶಾಲೆಯಿಂದ ಬರುವಾಗ ಬೇಕರಿಯಿಂದ ಎರಡು ಬನ್ನು ತಂದು ಅಜ್ಜಿಯ ಮುಂದಿಟ್ಟಳು. ಅವ್ವ ಅತ್ತರು. ಅಪ್ಪ ಹೋದ ಮೇಲೆ ನಮ್ಮ ಮುಂದೆ ಅತ್ತದ್ದು ಅದೇ ಮೊದಲು. ಆಮೇಲೆ ಅಪ್ಪನ ವಿಷಯ ತಾವಾಗಿಯೇ ಮಾತಾಡಿದರು, ರಾತ್ರಿ ಹತ್ತೂವರೆ ತನಕ.

ಪುಸ್ತಕದ ಗೂಡು ಅಕ್ಕ, ‘ಲವ್ ಕಮ್ಸ್ ಸಾಫ್ಟ್ಲಿ’ ನಾನು ಓದಿದೆ. ನೀವು ಹೇಳಿದ್ದು ಸರಿ, ಮೊದಲ ಅಧ್ಯಾಯ ಅವ್ವನಿಗೆ ಈಗಲೇ ಬೇಡ, ಮುಂದಿನ ವರ್ಷಕ್ಕೆ ಇಟ್ಟುಕೊಂಡಿದ್ದೇನೆ. ಹೈಡಿ ಮುಗಿದ ಮೇಲೆ ರಮಾಬಾಯಿ. ಒಂದು ಪ್ರಶ್ನೆ ಉಳಿದಿದೆ. ಕೋರಿ ಟೆನ್ ಬೂಮ್ ಅವರ ‘ದ ಹೈಡಿಂಗ್ ಪ್ಲೇಸ್’ 13 ವರ್ಷಕ್ಕೆ ಆಗುತ್ತದಾ?

ಪುಸ್ತಕದ ಗೂಡು:

ಬನ್ನಿನ ವಿಷಯ ಓದಿ ನನಗೂ ಕಣ್ಣು ತುಂಬಿತು.

ಆಗುತ್ತದೆ, ಆದರೆ ಅವಳೊಬ್ಬಳಿಗೇ ಕೊಡಬೇಡಿ, ಜೊತೆಯಲ್ಲಿ ಕೂತು ಓದಿ. ಮೊದಲ ಅರ್ಧ ಗಡಿಯಾರದ ಅಂಗಡಿ, ಅಪ್ಪ, ಅಕ್ಕತಂಗಿಯರು, ಮನೆಯಲ್ಲಿ ಯೆಹೂದ್ಯರನ್ನು ಬಚ್ಚಿಟ್ಟದ್ದು. ಉಳಿದರ್ಧ ನಾತ್ಸಿಗಳ ಸೆರೆಮನೆ, ಶಿಬಿರ. ರಾವೆನ್ಸ್‌ಬ್ರೂಕ್ ಎಂಬ ಆ ಶಿಬಿರದ ಕೊಠಡಿಯಲ್ಲಿ ಚಿಗಟಗಳ ಕಾಟ, ಅಕ್ಕ ಬೆಟ್ಸಿ ಚಿಗಟಗಳಿಗೂ ದೇವರಿಗೆ ಸ್ತೋತ್ರ ಹೇಳೋಣ ಅನ್ನುತ್ತಾಳೆ, ಕೋರಿಗೆ ಅದು ನುಂಗಲಾಗುವುದಿಲ್ಲ. ಆಮೇಲೆ ಗೊತ್ತಾಗುತ್ತದೆ, ಚಿಗಟಕ್ಕೆ ಹೆದರಿಯೇ ಕಾವಲಿನವರು ಒಳಗೆ ಕಾಲಿಡುತ್ತಿರಲಿಲ್ಲ, ಅದಕ್ಕೇ ಅವರು ಸತ್ಯವೇದ ಓದಲು ಆಗಿದ್ದು. ಆ ಪುಟವನ್ನು ಮಗಳೇ ಅಜ್ಜಿಗೆ ಹೇಳಲಿ.